ಒಳಗೆಳೆದ ಧೂಳು ಎಲ್ಲಿಗೆ ಹೋಗುತ್ತದೆ?

ವ್ಯಾಕ್ಯೂಮ್ ಕ್ಲೀನರ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ವಾಟ್?" ಎಂದು. 1990ರ ಸುಮಾರಿಗೆ ಇಂದಿರಾನಗರದ ನಮ್ಮ ಮನೆಯಲ್ಲಿ ಅಜ್ಜಿ ಕೇಳಿದ ಪ್ರಶ್ನೆ ಬೇರೆಯಾಗಿತ್ತು. ಟೈ ಕಟ್ಟಿಕೊಂಡು ಬಂದ ಯುವಕನೊಬ್ಬ ನಮ್ಮ ಹಾಸಿಗೆಯ ಮೇಲೆ ಯಂತ್ರದ ಕೊಳವೆಯಾಡಿಸಿ, ನಡುವೆ ಸಿಕ್ಕಿಸಿದ್ದ ಕಪ್ಪು ಬಟ್ಟೆಯನ್ನು ತೆಗೆದು ತೋರಿಸಿದ. ಅದರ ಮೇಲೆ ಬಿಳಿಯ ಪುಡಿ ದಪ್ಪಗೆ ಕುಳಿತಿತ್ತು. ಅಮ್ಮನಿಗೆ ನಾಚಿಕೆಯಾಯಿತು, ಅಪ್ಪ ಕಂತಿನ ವಿಚಾರ ಕೇಳಿದರು. ಅಜ್ಜಿ ಮಾತ್ರ, "ಒಳಗೆ ಎಳ್ಕೊಂಡ ಧೂಳು ಎಲ್ಲಿಗಪ್ಪಾ ಹೋಗುತ್ತೆ?" ಎಂದರು. "ಚೀಲಕ್ಕೆ ಅಜ್ಜಿ" ಎಂದ ಆತ. "ಚೀಲದಿಂದ?" ಎಂದರು ಅಜ್ಜಿ.

ಈ ಯಂತ್ರದ ಇತಿಹಾಸವನ್ನು ಓದಿದಾಗ, ಅದನ್ನು ಕಟ್ಟಿದವರನ್ನು ಕಾಡಿದ್ದೂ ಇದೇ ಪ್ರಶ್ನೆ ಎಂದು ತಿಳಿಯುತ್ತದೆ. ಆ ಇತಿಹಾಸ ಮೋಟಾರಿನದ್ದಕ್ಕಿಂತ ಹೆಚ್ಚಾಗಿ ಧೂಳು ತಡೆಯುವ ಬಟ್ಟೆಯದ್ದು.

1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಗಾಳಿ ಊದಿ ಧೂಳೆಬ್ಬಿಸುವ ಯಂತ್ರವೊಂದರ ಪ್ರದರ್ಶನ ನೋಡಿದ. ಎದ್ದ ಧೂಳು ಬಹುಪಾಲು ಮತ್ತೆ ಅಲ್ಲೇ ಕೂರುತ್ತಿತ್ತು. ಊದುವ ಬದಲು ಹೀರಬಾರದೇಕೆ ಎಂದು ಅವನಿಗೆ ಹೊಳೆಯಿತು. ಹೋಟೆಲೊಂದರಲ್ಲಿ ಕುರ್ಚಿಯ ಮೆತ್ತೆಗೆ ಕರವಸ್ತ್ರವಿಟ್ಟು, ಅದರ ಮೇಲೆ ಬಾಯಿಟ್ಟು ಉಸಿರೆಳೆದು ನೋಡಿದ. ಕೆಮ್ಮು ಬಂತು; ಆದರೆ ಕರವಸ್ತ್ರದ ಇನ್ನೊಂದು ಬದಿಯಲ್ಲಿ ಧೂಳಿನ ಕಪ್ಪು ಗುರುತು ಮೂಡಿತ್ತು. ಗಾಳಿ ದಾಟಬೇಕು, ಧೂಳು ದಾಟಬಾರದು ಎಂಬುದೇ ತತ್ವ. ಅವನು ಕಟ್ಟಿದ ಪೆಟ್ರೋಲ್ ಯಂತ್ರ ಎಷ್ಟು ದೊಡ್ಡದೆಂದರೆ, ಅದನ್ನು ಕುದುರೆಗಾಡಿಯಲ್ಲಿ ತಂದು ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಕೊಳವೆಗಳನ್ನು ಕಿಟಕಿಯಿಂದ ಮನೆಯೊಳಕ್ಕೆ ಬಿಡಬೇಕಾಗಿತ್ತು. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಮೊದಲು ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗಳನ್ನು ಅದರಿಂದಲೇ ಶುಚಿಗೊಳಿಸಿದರು.

ಯಂತ್ರವನ್ನು ಕೈಗೆ ತಂದುಕೊಟ್ಟವನು ಶ್ರೀಮಂತನೂ ಅಲ್ಲ, ಎಂಜಿನಿಯರನೂ ಅಲ್ಲ. ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್‌ಗೆ ಉಬ್ಬಸವಿತ್ತು. ಗುಡಿಸಿದಷ್ಟೂ ಉಸಿರು ಕಟ್ಟುತ್ತಿತ್ತು. 1907ರಲ್ಲಿ ಅವನು ಫ್ಯಾನಿನ ಮೋಟಾರು, ಪೊರಕೆಯ ಹಿಡಿ ಮತ್ತು ಒಂದು ದಿಂಬಿನ ಚೀಲ ಸೇರಿಸಿ ಯಂತ್ರ ಮಾಡಿಕೊಂಡ. 1908ರಲ್ಲಿ ಪೇಟೆಂಟ್ ಸಿಕ್ಕಿತು. ಚರ್ಮದ ಸಾಮಾನಿನ ವ್ಯಾಪಾರಿ ವಿಲಿಯಂ ಹೂವರ್ ಅದನ್ನು ಕೊಂಡು ಲೋಕಕ್ಕೆ ಮಾರಿದ. ಆ ಕೈಯಂತ್ರ ಹುಟ್ಟಿದ್ದು ಗುಡಿಸುವವನ ಶ್ವಾಸಕೋಶದ ಸಂಕಟದಿಂದ ಎಂಬುದನ್ನು ನಾವು ನೆನಪಿಡಬೇಕು.

ಆದರೆ ಅದು ರತ್ನಗಂಬಳಿಯ ದೇಶದ ಯಂತ್ರ. ಚಳಿಗೆ ನೆಲವಿಡೀ ಕಂಬಳಿ ಹಾಸುವವರಿಗೆ ಪೊರಕೆಯಿಂದ ಪ್ರಯೋಜನವಿಲ್ಲ, ಒದ್ದೆ ಬಟ್ಟೆಯಿಂದಲೂ ಇಲ್ಲ. ನಮ್ಮ ನೆಲಗಳ ಸ್ವಭಾವವೇ ಬೇರೆ. ಸಗಣಿ ಸಾರಿಸಿದ ನೆಲ, ಕಡಪ ಕಲ್ಲು, ಶಹಾಬಾದ್ ಕಲ್ಲು, ಕೆಂಪು ಗಾರೆ, ಮೊಸಾಯಿಕ್ ಎಲ್ಲವೂ ಗುಡಿಸಿ ಒರೆಸುವುದಕ್ಕೆಂದೇ ಆದವು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಬಡಾವಣೆಯಾಗಿ ಬೆಳೆದ ಇಂದಿರಾನಗರದ ಹಳೆಯ ಮನೆಗಳಲ್ಲೂ ಇದ್ದದ್ದು ಮೊಸಾಯಿಕ್ ಮತ್ತು ಕೆಂಪು ನೆಲವೇ. ಒಳಗೆ ಹುಲ್ಲಿನ ಪೊರಕೆ, ಅಂಗಳಕ್ಕೆ ತೆಂಗಿನ ಕಡ್ಡಿಯ ಪೊರಕೆ, ದೀಪ ಹಚ್ಚಿದ ಮೇಲೆ ಗುಡಿಸಬಾರದೆಂಬ ಕಟ್ಟಳೆ.

ಇಂಥ ಮನೆಗಳಿಗೆ ಈ ಯಂತ್ರ ಅಂಗಡಿಯಿಂದಲ್ಲ, ಬಾಗಿಲ ಮೂಲಕ ಬಂತು. ದೂರದರ್ಶನಕ್ಕೆ ಬಣ್ಣ ಬಂದ 1982ರಲ್ಲೇ, ಸ್ವೀಡನ್ನಿನ ಎಲೆಕ್ಟ್ರೊಲಕ್ಸ್ ಸಹಭಾಗಿತ್ವದಲ್ಲಿ ಯುರೇಕಾ ಫೋರ್ಬ್ಸ್ ಕಂಪನಿ ಹುಟ್ಟಿತು. ಮನೆಮನೆಗೆ ಹೋಗಿ ಯಂತ್ರ ನಡೆಸಿ ತೋರಿಸಿ ಮಾರುವ ಪದ್ಧತಿಯನ್ನು ಅದು ನಮ್ಮ ನಗರಗಳಲ್ಲಿ ಬೇರೂರಿಸಿತು. ನೆಲದಲ್ಲಿ ಪೊರಕೆಗೆ ಸಿಗದ ಧೂಳು ಹೆಚ್ಚು ಇರಲಿಲ್ಲ. ಹೊಸದಾಗಿ ಮನೆ ಸೇರಿದ್ದ ಸೋಫಾ, ಪರದೆ, ದಪ್ಪ ಹಾಸಿಗೆಗಳಲ್ಲಿತ್ತು.

ಆ ಧೂಳು ಬರಿಯ ಮಣ್ಣಲ್ಲ. ನಮ್ಮ ಚರ್ಮದ ಹೊಟ್ಟು, ಬಟ್ಟೆಯ ಎಳೆ, ಮತ್ತು ಆ ಹೊಟ್ಟನ್ನು ತಿಂದು ಬದುಕುವ ಧೂಳುಹುಳುವಿನ ಹಿಕ್ಕೆ ಅದರಲ್ಲಿರುತ್ತದೆ. ಈ ಹುಳು ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಮನೆಯ ಧೂಳಿನ ಅಲರ್ಜಿಗೂ ಅದಕ್ಕೂ ಇರುವ ನಂಟನ್ನು ನೆದರ್ಲೆಂಡ್ಸಿನ ಸಂಶೋಧಕರು 1960ರ ದಶಕದಲ್ಲಿ ತೋರಿಸಿಕೊಟ್ಟರು. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ನಗರದ ಆಸ್ಪತ್ರೆಯ ಮಕ್ಕಳನ್ನು ಪರೀಕ್ಷಿಸಿ ಕೊಟ್ಟ ಲೆಕ್ಕದಲ್ಲಿ, ಉಬ್ಬಸವಿದ್ದವರ ಪ್ರಮಾಣ 1979ರಲ್ಲಿ ಶೇಕಡಾ 9 ಇದ್ದದ್ದು 1999ರಲ್ಲಿ ಶೇಕಡಾ 29.5ಕ್ಕೆ ಏರಿತ್ತು. ಇದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವೇ ಹೊರತು ಇಡೀ ಊರಿನದ್ದಲ್ಲ. ಕಾರಣಗಳೂ ಹಲವು, ವಾಹನದ ಹೊಗೆ ಅವುಗಳಲ್ಲಿ ದೊಡ್ಡದು. ಬೀದಿಯ ಧೂಳೂ ಕಡಿಮೆಯಿರಲಿಲ್ಲ. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೋ ಸಂಚಾರ ಆರಂಭವಾಗುವ ಮುನ್ನ, ವರ್ಷಗಟ್ಟಲೆ ಅಗೆದ ಸಿ.ಎಂ.ಎಚ್. ರಸ್ತೆಯ ಧೂಳು ಅಕ್ಕಪಕ್ಕದ ಮನೆಗಳ ಕಿಟಕಿಗಳಲ್ಲಿ ಕೂರುತ್ತಿತ್ತು.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ನಮ್ಮ ಮನೆಯ ಯಂತ್ರ ಎರಡು ವರ್ಷದಲ್ಲಿ ಅಟ್ಟ ಸೇರಿತು. ತಪ್ಪು ನಮ್ಮದೇ. ತುಂಬಿದ ಚೀಲವನ್ನು ಅಮ್ಮ ಬಾಲ್ಕನಿಯಲ್ಲಿ ಕೊಡವುತ್ತಿದ್ದರು. ಗಾಳಿ ಅದನ್ನು ಮನೆಯೊಳಕ್ಕೇ ತರುತ್ತಿತ್ತು. ಅಂದು ರಾತ್ರಿ ಅವರಿಗೆ ಕೆಮ್ಮು. ಸಾದಾ ಬಟ್ಟೆಯ ಚೀಲ ದಪ್ಪ ಧೂಳನ್ನು ಹಿಡಿಯುತ್ತದೆ. ಅತಿ ಸಣ್ಣ ಕಣಗಳು ಅದರ ರಂಧ್ರಗಳಿಂದ ನುಸುಳಿ, ಯಂತ್ರದ ಹಿಂಭಾಗದ ಗಾಳಿಯೊಡನೆ ಮತ್ತೆ ಕೋಣೆಗೆ ಬರುತ್ತವೆ.

ಇದಕ್ಕೆ ಉತ್ತರವಾಗಿ ಬಂದದ್ದು ಹೆಪಾ ಶೋಧಕ. 1940ರ ದಶಕದಲ್ಲಿ, ಅಣುಬಾಂಬ್ ಯೋಜನೆಯ ಕಾಲದಲ್ಲಿ ವಿಕಿರಣ ಕಣಗಳನ್ನು ಹಿಡಿಯಲೆಂದು ರೂಪಿಸಿದ ತಂತ್ರವಿದು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಅದು ತಡೆಯಬೇಕು. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. 0.3 ಎಂಬ ಲೆಕ್ಕ ಏಕೆಂದರೆ, ಹಿಡಿಯಲು ಅತಿ ಕಷ್ಟವಾದ ಗಾತ್ರ ಅದರ ಆಸುಪಾಸಿನದ್ದು. ಅದಕ್ಕಿಂತ ದೊಡ್ಡವು ಎಳೆಗಳಿಗೆ ನೇರವಾಗಿ ಬಡಿದು ಅಂಟುತ್ತವೆ; ಸಣ್ಣವು ಗಾಳಿಯ ಅಣುಗಳ ಹೊಡೆತಕ್ಕೆ ಅಡ್ಡಾದಿಡ್ಡಿ ಓಡಾಡಿ ಸಿಕ್ಕಿಬೀಳುತ್ತವೆ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ವಾಟ್ ಎಂಬುದು ಮೋಟಾರು ತಿನ್ನುವ ವಿದ್ಯುತ್ತಿನ ಲೆಕ್ಕ, ಹೀರುವ ಶಕ್ತಿಯದ್ದಲ್ಲ. ಐರೋಪ್ಯ ಒಕ್ಕೂಟ 2014ರಲ್ಲಿ 1,600 ವಾಟ್, 2017ರಲ್ಲಿ 900 ವಾಟ್ ಎಂದು ಮಿತಿ ಹಾಕಿದಾಗ, ತಯಾರಕರು ಕಡಿಮೆ ವಿದ್ಯುತ್ತಿನಲ್ಲೇ ಚೆನ್ನಾಗಿ ಹೀರುವ ಯಂತ್ರ ಮಾಡಿದರು. ಆದ್ದರಿಂದ ಯಂತ್ರದ ಮುಂಭಾಗಕ್ಕಿಂತ ಹಿಂಭಾಗ ನೋಡಿ. ಹೆಪಾ ಶೋಧಕವಿದೆಯೇ, ಅಥವಾ "ಹೆಪಾ ಮಾದರಿ" ಎಂದಷ್ಟೇ ಬರೆದಿದೆಯೇ? ಶೋಧಕದ ಸುತ್ತ ಗಾಳಿ ಸೋರದಂತೆ ಬಿಗಿಯಾದ ರಬ್ಬರ್ ಅಂಚಿದೆಯೇ? ಬದಲಿ ಶೋಧಕ, ಚೀಲಗಳು ಊರಿನಲ್ಲೇ ಸಿಗುತ್ತವೆಯೇ? ಉಬ್ಬಸದವರಿರುವ ಮನೆಗೆ ಬಿಸಾಡುವ ಕಾಗದದ ಚೀಲ ಒಳ್ಳೆಯದು. ಚೀಲವಿಲ್ಲದ ಯಂತ್ರದ ಡಬ್ಬಿಯನ್ನು ತೆರೆದಾಗಲೆಲ್ಲ ಧೂಳು ಏಳುತ್ತದೆ.

ನೆಲಕ್ಕೆ ಪೊರಕೆ ಮತ್ತು ಒದ್ದೆ ಬಟ್ಟೆ ಇರಲಿ. ಯಂತ್ರವನ್ನು ಹಾಸಿಗೆ, ಸೋಫಾ, ಪರದೆ, ಪುಸ್ತಕದ ಕಪಾಟಿಗೆ ಮೀಸಲಿಡಿ. ಬದುಕಿರುವ ಧೂಳುಹುಳು ಎಳೆಗಳಿಗೆ ಅಂಟಿಕೊಳ್ಳುವುದರಿಂದ ಯಂತ್ರಕ್ಕೆ ಸುಲಭವಾಗಿ ಸಿಗದು. ಅದಕ್ಕೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯುವುದು, ಹಾಸಿಗೆಯನ್ನು ಬಿಸಿಲಿಗೆ ಹಾಕುವುದು ಎಂಬ ಅಜ್ಜಿಯ ಕಾಲದ ಪದ್ಧತಿಗಳೇ ಉತ್ತಮ.

ಕೊನೆಯ ಮಾತು, ಯಂತ್ರ ಹಿಡಿಯುವವರ ಬಗ್ಗೆ. ಅನೇಕ ಮನೆಗಳಲ್ಲಿ ಕೊಳ್ಳುವವರು ಒಬ್ಬರು, ಬಳಸುವವರು ಮನೆಗೆಲಸದ ಹೆಂಗಸು. ಚೀಲ ಬಿಚ್ಚುವ ವಿಧಾನವನ್ನು ಮಾರುವವರಿಂದ ಅವರಿಗೇ ಹೇಳಿಸಿ. ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಚೀಲ ತೆಗೆಯಲಿ. ಆ ಧೂಳು ಮೊದಲು ಹೋಗುವುದು ಅವರ ಶ್ವಾಸಕೋಶಕ್ಕೆ.