ಕರಾವಳಿಯ ಕತ್ತಲೆಕೋಣೆಯಲ್ಲಿ ಕಾಲಗಣನೆ

ಕಪ್ಪು-ಬಿಳುಪು ಫಿಲಮನ್ನು ಡೆವಲಪರಿನಲ್ಲಿ ಎಷ್ಟು ನಿಮಿಷ ಇಡತಕ್ಕದ್ದೆಂದು ತಯಾರಕರು ಮುದ್ರಿಸಿಕೊಡುವ ಅಂಕಿಗಳು ಬಹುಮಟ್ಟಿಗೆ 20 ಡಿಗ್ರಿ ಸೆಂಟಿಗ್ರೇಡಿನ ದ್ರಾವಣವನ್ನು ಆಧರಿಸಿದಂಥವು. ಉಡುಪಿಯ ಬಾವಿಯ ನೀರಾಗಲಿ ಕಾಪುವಿನ ಮನೆಗಳ ತೊಟ್ಟಿಯ ನೀರಾಗಲಿ ವರ್ಷದ ಯಾವ ಮಾಸದಲ್ಲಿಯೂ ತಾನಾಗಿ ಆ ಮಟ್ಟಕ್ಕೆ ಇಳಿಯುವುದಿಲ್ಲ. ಆದುದರಿಂದ ಈ ವಿದ್ಯೆಯ ಚರಿತ್ರೆಯನ್ನು ನಮ್ಮ ಕಡಲತಡಿಯಲ್ಲಿ ನಿಂತು ನೋಡುವವನಿಗೆ, ಶೀತದೇಶಗಳಲ್ಲಿ ನಿಶ್ಚಿತವಾದ ಕಾಲಮಾನವನ್ನು ಇಲ್ಲಿಯ ನೀರಿಗೂ ಬೆಳಕಿಗೂ ಒಗ್ಗಿಸುವ ಕೆಲಸವೇ ಮುಖ್ಯವೆನಿಸುತ್ತದೆ.

ಆದಿಯಲ್ಲಿ ಗಡಿಯಾರಕ್ಕೆ ಅಷ್ಟು ಮನ್ನಣೆ ಇರಲಿಲ್ಲ. ಅಂದಿನ ಫಲಕಗಳಿಗೆ ಕೆಂಪು ಬೆಳಕು ಕಾಣದಿದ್ದುದರಿಂದ, ಕೆಂಪು ದೀಪದಡಿ ಬಿಂಬವು ಮೂಡುವುದನ್ನು ನೋಡುತ್ತ ‘ಸಾಕು’ ಎನಿಸಿದಾಗ ಎತ್ತುವುದೇ ಪದ್ಧತಿಯಾಗಿದ್ದಿತು. 1890ರಲ್ಲಿ ಇಂಗ್ಲೆಂಡಿನ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬಿಬ್ಬರು, ಫಲಕಕ್ಕೆ ತಗುಲಿದ ಬೆಳಕಿಗೂ ಅದರಲ್ಲಿ ಉಳಿಯುವ ಕಪ್ಪಿಗೂ ಇರುವ ಸಂಬಂಧವನ್ನು ವಕ್ರರೇಖೆಯಾಗಿ ಬರೆದು, ಡೆವಲಪಿನ ಕಾಲ ಹೆಚ್ಚಿದಂತೆ ಆ ರೇಖೆ ಕಡಿದಾಗುವುದನ್ನು ತೋರಿಸಿದರು. ಆಲ್ಫ್ರೆಡ್ ವಾಟ್ಕಿನ್ಸ್, ಬಿಂಬದ ಮೊದಲ ಸುಳಿವು ಕಾಣುವವರೆಗಿನ ಸೆಕೆಂಡುಗಳನ್ನೆಣಿಸಿ ಒಂದು ಗುಣಕದಿಂದ ಗುಣಿಸುವ ಕ್ರಮವನ್ನು ರೂಢಿಗೆ ತಂದನು. ಅದರಲ್ಲಿಯೂ ಕಣ್ಣಿಗೆ ಪಾಲಿದ್ದಿತು. 1906ರಲ್ಲಿ ರ‍್ಯಾಟನ್ ಮತ್ತು ವೇನ್‌ರೈಟ್ ಸಂಸ್ಥೆಯು ಕೆಂಪನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಫಲಕಗಳನ್ನು ಮಾರಾಟಕ್ಕೆ ತಂದಮೇಲೆ ದೀಪವನ್ನೇ ಆರಿಸಬೇಕಾಗಿ, ಕಣ್ಣಿನ ಅಧಿಕಾರವು ಉಷ್ಣಮಾಪಕಕ್ಕೂ ಗಡಿಯಾರಕ್ಕೂ ಹಸ್ತಾಂತರವಾಯಿತು. ಕೊಡಕ್ಕಿನ ಡಿ-76 ಎಂಬ ಡೆವಲಪರ್ ಬಂದುದು 1920ರ ದಶಕದಲ್ಲಿ. ಲೀಟರಿಗೆ ಮೆಟಾಲ್ 2 ಗ್ರಾಂ, ಹೈಡ್ರೊಕ್ವಿನೋನ್ 5, ಸೋಡಿಯಂ ಸಲ್ಫೈಟ್ 100, ಬೊರ್ಯಾಕ್ಸ್ 2 ಎಂಬ ಆ ಪಾಕ ಇಂದಿಗೂ ಬಳಕೆಯಲ್ಲಿದೆ. ಇಲ್ಫರ್ಡ್‌ನ ಐಡಿ-11 ಅದರ ಸೋದರ.

ಇನ್ನು ನಮ್ಮ ನೀರಿನ ಮಾತು. ಎಚ್‌ಪಿ5 ಪ್ಲಸ್ ಫಿಲಮಿಗೆ ನೀರು ಬೆರೆಸದ ಐಡಿ-11ರಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ; 24ಕ್ಕೆ ಸುಮಾರು ಐದೂಕಾಲು; 27ರಲ್ಲಿ ನಾಲ್ಕರ ಆಸುಪಾಸು. ಐದು ನಿಮಿಷಕ್ಕಿಂತ ಕಡಿಮೆಯಾದರೆ ದ್ರಾವಣವು ಸಮನಾಗಿ ಹರಡುವ ಮುನ್ನವೇ ಕೆಲಸ ಮುಗಿದು, ಆಕಾಶದಲ್ಲಿ ಪಟ್ಟೆಗಳು ಕಾಣಿಸಿಕೊಳ್ಳುತ್ತವೆ. ಇದಕ್ಕೆ ನನಗೆ ಸರ್ವೋತ್ತಮವೆಂದು ತೋರುವ ಉಪಾಯವು ಸಮಪಾಲು ನೀರು ಬೆರೆಸುವುದು: 20 ಡಿಗ್ರಿಯ ಹದಿಮೂರು ನಿಮಿಷ 27ರಲ್ಲಿ ಏಳರಷ್ಟಾಗುತ್ತದೆ. ಹೊರಬೋಗುಣಿಯಲ್ಲಿ ಮಂಜುಗಡ್ಡೆಯಿಟ್ಟು ಡೆವಲಪರನ್ನು ಮಾತ್ರ ತಣಿಸಿ, ಬಿಂಬವನ್ನು ಸ್ಥಿರಗೊಳಿಸುವ ಹೈಪೋವನ್ನೂ ತೊಳೆಯುವ ನೀರನ್ನೂ ಬೆಚ್ಚಗೇ ಬಿಟ್ಟರೆ, ಉಬ್ಬಿದ ಜೆಲಟಿನ್ ಪದರವು ನೆರಿಗೆಗಟ್ಟುವ ಭಯವುಂಟು. ಉಷ್ಣದೇಶಗಳಿಗಾಗಿ ಪದರವು ಉಬ್ಬದಂತೆ ಸೋಡಿಯಂ ಸಲ್ಫೇಟನ್ನೂ, ಗಟ್ಟಿಯಾಗುವಂತೆ ಕ್ರೋಮ್ ಆಲಮನ್ನೂ ಬಳಸುವ ಸೂತ್ರಗಳು ಹುಟ್ಟಿದ್ದು ಈ ಕಾರಣದಿಂದಲೇ. 1960ರಲ್ಲಿ ಸ್ಥಾಪಿತವಾಗಿ ‘ಇಂದು’ ಫಿಲಮನ್ನು ತಯಾರಿಸಿದ ಹಿಂದುಸ್ತಾನ್ ಫೋಟೋ ಫಿಲಮ್ಸ್ ಕೂಡ ನೆಲೆಯೂರಿದ್ದು ತಂಪಾದ ಊಟಿಯಲ್ಲಿ. ಬೆವರಿದವರು ಮಾತ್ರ ಬಯಲುಸೀಮೆಯ, ಕರಾವಳಿಯ ಬಳಕೆದಾರರು!

ಬೆಳಕಿನ ವಿಚಾರ ಬೇರೆ. 1940ರ ಹೊತ್ತಿಗೆ ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ‘ಜೋನ್ ಸಿಸ್ಟಮ್’ ರೂಪಿಸಿ, ನೆರಳಿಗಾಗಿ ಎಕ್ಸ್‌ಪೋಷರನ್ನೂ ಬೆಳಗುವ ಭಾಗಗಳಿಗಾಗಿ ಡೆವಲಪಿನ ಕಾಲವನ್ನೂ ನಿರ್ಣಯಿಸುವ ಮಾರ್ಗವನ್ನು ಕಲಿಸಿದರು. 1432ರಲ್ಲಿ ಪ್ರತಿಷ್ಠಿತವಾದ ಕಾರ್ಕಳದ ಗೊಮ್ಮಟನನ್ನು ಚೈತ್ರದ ನಡುಹಗಲಲ್ಲಿ ನೋಡಿರಿ: ಭುಜಗಳು ಪ್ರಜ್ವಲಿಸುತ್ತವೆ, ಗಲ್ಲದ ಕೆಳಗೂ ತೋಳಿನ ಒಳಮಗ್ಗುಲಲ್ಲಿಯೂ ಮಸಿಯಂಥ ನೆರಳು. ಎಕ್ಸ್‌ಪೋಷರನ್ನು ಇಮ್ಮಡಿಸಿ ಕಾಲವನ್ನು ಕಾಲುಭಾಗದಷ್ಟು ತಗ್ಗಿಸಿದಲ್ಲದೆ ಎರಡೂ ಒಂದೇ ನೆಗೆಟಿವಿನಲ್ಲಿ ಉಳಿಯಲಾರವು. ಆಷಾಢದ ಮೋಡದಡಿ 1901ರ ಕಾಪು ದೀಪಸ್ತಂಭದ ಕಪ್ಪು-ಬಿಳಿ ಪಟ್ಟೆಗಳೂ ಬಂಡೆಯೂ ಕಡಲೂ ಬೂದಿಬಣ್ಣಕ್ಕೆ ತಿರುಗಿದಾಗಲಾದರೋ ಕಾಲವನ್ನು ಅಷ್ಟೇ ಏರಿಸಬೇಕು. ಆಡಮ್ಸನ ಬಿಡಿಹಾಳೆಗಳಿಗೆ ಒಗ್ಗಿದ ಈ ಕ್ರಮವು 36 ಚಿತ್ರಗಳ ಸುರುಳಿಗೆ ಸುಲಭವಾಗಿ ಒಗ್ಗದು. ಬಿಸಿಲಿಗೊಂದು, ಮೋಡಕ್ಕೊಂದು ಸುರುಳಿಯೆಂದು ಮೀಸಲಿಡದೆ ಗತ್ಯಂತರವಿಲ್ಲ.

ರಾತ್ರಿಯ ಯಕ್ಷಗಾನದ ಬಯಲಾಟ, ಉಡುಪಿ ಪರ್ಯಾಯದ ನಸುಕಿನ ಮೆರವಣಿಗೆ, ಇವುಗಳಲ್ಲಿ 400ರ ವೇಗದ ಫಿಲಮನ್ನು 1600 ಎಂದೆಣಿಸಿ ತೆಗೆದು, ಡೆವಲಪನ್ನು ಹಿಗ್ಗಿಸುವ ‘ಪುಶ್’ ಕ್ರಮವೇ ಗತಿ. ಮಣಿಪಾಲದಿಂದ ‘ಉದಯವಾಣಿ’ ಹೊರಡತೊಡಗಿದ 1970ರ ಕಾಲಕ್ಕೆ ಪತ್ರಿಕಾ ಛಾಯಾಗ್ರಾಹಕರಿಗೆಲ್ಲ ಅದು ನಿತ್ಯದ ವಿದ್ಯೆಯಾಗಿದ್ದಿತು. ಆದರೆ ಇದನ್ನು ವೇಗವರ್ಧನೆಯೆಂದು ಹೊಗಳುವುದನ್ನು ನಾನು ಒಪ್ಪಲಾರೆ. ಕಿರೀಟದ ಬೇಗಡೆ ಮತ್ತಷ್ಟು ಮಿಂಚುವುದಲ್ಲದೆ, ಬೆಳಕೇ ತಾಗದ ಕಪ್ಪು ದಗಲೆಯ ಮಡಿಕೆಗಳು ಎಷ್ಟು ನಿಮಿಷಕ್ಕೂ ಮೂಡಿಬರವು. ಎಚ್‌ಪಿ5 ಪ್ಲಸ್‌ಗೆ ಈ ಪುಶ್ಶಿನ ಅವಧಿ, ನೀರು ಬೆರೆಸದ ಐಡಿ-11ರಲ್ಲಿ, 20 ಡಿಗ್ರಿಯಲ್ಲಿ ಹದಿನಾಲ್ಕು ನಿಮಿಷ, ಎಂದರೆ 27ರಲ್ಲಿ ಸರಿಸುಮಾರು ಏಳೂವರೆ. ಪಟ್ಟಿಯಲ್ಲಿಯ ಏಳೂವರೆ ನಿಮಿಷವನ್ನೇ ನಂಬಿ 27 ಡಿಗ್ರಿಯ ಬಾವಿನೀರಿನ ಡೆವಲಪರಿನಲ್ಲಿ ಗೊಮ್ಮಟನ ಸುರುಳಿಯನ್ನು ಇಟ್ಟವನು, ತನಗರಿವಿಲ್ಲದೆಯೇ ಅದನ್ನು ಬಯಲಾಟದ ಸುರುಳಿಯಂತೆ ಪುಶ್ ಮಾಡಿರುತ್ತಾನೆ.