ಡಿಸ್ಕಿನ ಪಾಲು

ಹೋದ ವಾರ ಮಗಾ ಮನಿ ಕಂಪ್ಯೂಟರಿನ ಹಳೇ ಲಿನಕ್ಸ್ ತಗದು ಬ್ಯಾರೆ ಲಿನಕ್ಸ್ ಹಾಕ್ತೀನಿ ಅಂತ ಕೂತಾ. "ಅವ್ವಾ, ಡಿಸ್ಕಿನ ಪಾಲು ಮತ್ತ ಮಾಡಬೇಕು" ಅಂದಾ. ನನ್ನ ಎದಿ ಧಸಕ್ ಅಂತು. ಪಾಲು ಅಂದ್ರ ಹೆದರದ ಹೆಣ್ಣುಮಕ್ಕಳು ನಮ್ಮ ಕಡೆ ಯಾರಿದ್ದಾರ ಹೇಳ್ರಿ? ಅದರಾಗ ನಮ್ಮ ಅತ್ತಿಯವರು ಹೇಳಿದ ಬೀಸೋಕಲ್ಲಿನ ಪದ ರೆಕಾರ್ಡ್ ಇದ್ವು. ಅವರು ಹೋಗಿ ಎರಡು ವರ್ಷ ಆತು. ಬ್ಯಾರೆ ಪ್ರತಿ ಇರಲಿಲ್ಲ. "ಒಂದೀಟು ತಡಿ" ಅಂದು, ಈ ಪಾಲಿನ ಕಥಿ ಮೊದ್ಲು ತಿಳಕೊಂಡೆ.

1983ರಾಗ ಐಬಿಎಂನವರು ಪಿಸಿ ಎಕ್ಸ್‌ಟಿ ಅನ್ನೋ ಮಷಿನ್ ತಂದ್ರು. ಹಾರ್ಡ್ ಡಿಸ್ಕ್ 10 ಎಂಬಿ, ಈಗಿನ ನಾಕು ಫೋಟೋಕ್ಕ ತುಂಬಿ ಹೋಗೂವಷ್ಟು! ಅದಕ್ಕೂ ಪಾಲು ಮಾಡೋ ಎಫ್‌ಡಿಸ್ಕ್ ಅನ್ನೋ ಪ್ರೋಗ್ರಾಮ್ ಡಾಸ್ 2.0 ಜೋಡಿ ಬಂತು. ಒಂದ ಡಿಸ್ಕಿನಾಗ ಎರಡು-ಮೂರು ಥರದ ವ್ಯವಸ್ಥಾ ಇರಲಿ ಅಂತ. ಯಾರ ಜಾಗಾ ಎಲ್ಲಿಂದ ಎಲ್ಲಿತನಕ ಅನ್ನೋ ಉತಾರ ಡಿಸ್ಕಿನ ಮೊದಲನೇ 512 ಬೈಟಿನೊಳಗ ಇರ್ತಿತ್ತು. ಉತಾರಕ್ಕ 64 ಬೈಟು, ಒಬ್ಬೊಬ್ಬರಿಗೆ 16. ಅಂದ್ರ ನಾಕ ಮಂದಿ. ಐದನೇ ತಮ್ಮಗ ಜಾಗಾ ಇಲ್ಲ. 1987ರಾಗ ಡಾಸ್ 3.3 ಬಂದ ಮ್ಯಾಲೆ, ಒಬ್ಬನ ಪಾಲಿನೊಳಗ ಮತ್ತ ಖೋಲಿ ಹಾಕೂ ಉಪಾಯ ಮಾಡಿದ್ರು. ನಮ್ಮ ವಾಡೇದಾಗ ಪಡಸಾಲಿಗೆ ತಟ್ಟಿ ಕಟ್ಟಿದ್ರಲ್ಲಾ, ಹಂಗ.

ಲಿನಕ್ಸ್ ಹುಟ್ಟಿದ್ದರಾಗೂ ಈ ಪಾಲಿನ ಗೋಳು ಅದ. 1991ರಾಗ ಫಿನ್‌ಲೆಂಡಿನ ಹೆಲ್ಸಿಂಕಿಯೊಳಗ ಲೀನಸ್ ಟೋರ್ವಾಲ್ಡ್ಸ್ ಅನ್ನೋ 21 ವರ್ಷದ ಹುಡುಗ, ಡಿಸ್ಕಿನ ಒಂದು ಪಾಲಿನಾಗ ಮಿನಿಕ್ಸ್ ಇಟಗೊಂಡು, ಅದರ ಮ್ಯಾಲೆ ಕೂತು ತನ್ನ ಸ್ವಂತದ್ದು ಬರೀತಿದ್ದಾ. ಒಂದಿನ ಮೋಡೆಮ್‌ಗೆ ಫೋನ್ ಹಚ್ಚೂ ಆಜ್ಞಾ ಕೊಡೂ ಬದಲಿ, ತಪ್ಪಿ ಹಾರ್ಡ್ ಡಿಸ್ಕಿಗೇ ಕೊಟ್ಟಾ. ಮಿನಿಕ್ಸಿನ ಪಾಲು ಕೆಟ್ಟು ಹೋತು! ಮತ್ತ ಮಿನಿಕ್ಸ್ ಹಾಕಬಹುದಿತ್ತು, ಹಾಕಲಿಲ್ಲ. ತಂದಽ ಸಾಕು ಅಂತ ಅದರ ಮ್ಯಾಲೇ ನಿಂತಾ. ಅವನ ಕಂಪ್ಯೂಟರಿನಾಗ ಅತ್ತಿ ಪದ ಇರಲಿಲ್ಲ ಬಿಡ್ರಿ, ಅದಕ್ಕ ಅಷ್ಟು ಧೈರ್ಯ.

ಈಗಿನ ಜಿಪಿಟಿ ಉತಾರದಾಗ ಸಾಮಾನ್ಯವಾಗಿ 128 ಹೆಸರು ಹಿಡೀತಾವ. ಹಳೇದರಾಗ 2 ಟಿಬಿ ದಾಟಿದ ಜಾಗಾ ಎಣಸಾಕ ಆಗ್ತಿರಲಿಲ್ಲ, ಇದರಾಗ ಆಗ್ತದ. ನನಗ ಸೇರಿದ್ದು ಏನಂದ್ರ, ಉತಾರದ ಇನ್ನೊಂದು ಪ್ರತಿ ಡಿಸ್ಕಿನ ಕಡೀಕೂ ಇರ್ತದ. ಆದ್ರ ಉತಾರ ಎರಡಿದ್ರ ಒಳಗಿನ ಸಾಮಾನು ಎರಡು ಆಗಂಗಿಲ್ಲ.

ನಮ್ಮ ಮನಿಯಾಗ ಆಗಿದ್ದ ತಪ್ಪು ಅಂದ್ರ ಹಿಂದ ಎಲ್ಲಾ ಒಂದ ಪಾಲಿನಾಗ ತುಂಬಿದ್ದು. ಹೋಮ್ ಅನ್ನೋ ಪಾಲು ಬ್ಯಾರೆ ಇದ್ದಿದ್ರ ಲಿನಕ್ಸ್ ಎಷ್ಟು ಸಲ ಬದಲಿ ಮಾಡಿದ್ರೂ ಅದನ್ನ ಅಳಸದ ಹಂಗ ಬಿಡಬಹುದಿತ್ತು. ಈಗ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಚಾಲೂ ಮಾಡಿ, ಮೊದ್ಲು ಒಳಗಿನ ಸಾಮಾನು ಸರಿಸಿ, ಆಮ್ಯಾಲೆ ಗೋಡಿ ಸರಸಬೇಕು. ಗೋಡಿ ಮೊದ್ಲು ಸರಸಿದ್ರ ಸಾಮಾನು ಗೋಡಿ ಆಚೆ. ನಡುವ ಕರೆಂಟ್ ಹೋದ್ರೂ ಅಷ್ಟ. ನಮ್ಮ ಓಣಿ ಕರೆಂಟಿನ ಹಣೇಬರಹ ನಿಮಗ ಗೊತ್ತಽ ಅದ.

ಹಿಂಗಾಗಿ ಮೊದ್ಲು ಎಲ್ಲಾ ಹೊರಗಿನ ಡಿಸ್ಕಿಗೆ ಇಳಿಸು ಅಂದೆ. ಗೊಣಗಿದಾ, ಆದ್ರ ಇಳಸಿದಾ. ಒಂದು ಪದ ಹಚ್ಚಿಸಿ ನೋಡಿದೆ. ಅತ್ತಿಯವರ ದನಿ ಬಂತು, ನಡುವ ಕೆಮ್ಮಿದ್ದೂ, "ಚಹಾ ಇಡವಾ" ಅಂದಿದ್ದೂ. ಆಮ್ಯಾಲೆ "ಹೂಂ, ಈಗ ಮಾಡು ಪಾಲು" ಅಂದೆ.