ವೈದ್ಯರ ಮೇಜಿನ ಖಾನೆ: ಎಚ್.ಡಿ. ಕೋಟೆ ಕಡೆಯಿಂದ ಒಂದು ಔಷಧ ಚರಿತ್ರೆ

ಔಷಧ ಕಂಪನಿಗಳ ಪ್ರಭಾವದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ದೆಹಲಿಯ ಸಮಿತಿಗಳಿಂದ ಶುರು ಮಾಡುತ್ತಾರೆ. ಮೈಸೂರು ಜಿಲ್ಲೆಯ ಮಟ್ಟಿಗೆ ಈ ಚರಿತ್ರೆಯನ್ನು ವೈದ್ಯರ ಮೇಜಿನ ಖಾನೆಯಲ್ಲಿ ಬಿದ್ದಿರುವ ಸ್ಯಾಂಪಲ್ ಪೊಟ್ಟಣದಿಂದ ಆರಂಭಿಸುವುದು ಸೂಕ್ತ.

1984ರಲ್ಲಿ ಆರ್. ಬಾಲಸುಬ್ರಮಣ್ಯಂ ಮತ್ತು ಮೈಸೂರು ಮೆಡಿಕಲ್ ಕಾಲೇಜಿನ ಅವರ ಗೆಳೆಯರು ಸೇರಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಕೈಯಲ್ಲಿ ದುಡ್ಡಿರಲಿಲ್ಲ. ವೈದ್ಯರಿಗೆ ಕಂಪನಿಗಳು ಕೊಟ್ಟುಹೋಗಿದ್ದ ಸ್ಯಾಂಪಲ್‌ಗಳನ್ನು ಕೇಳಿ ತಂದು ಬಡ ರೋಗಿಗಳಿಗೆ ಕೊಡುವುದು, ರಕ್ತದಾನಿಗಳನ್ನು ಹುಡುಕುವುದು, ವಾರಕ್ಕೊಮ್ಮೆ ಹಳ್ಳಿಗೆ ಹೋಗಿ ಕ್ಲಿನಿಕ್ ನಡೆಸುವುದು ಅವರ ಆರಂಭದ ಕೆಲಸಗಳು. ಔಷಧದ ಜೊತೆಗೆ ವಿವೇಚನೆಯಿಂದ ಬರೆದ ಚೀಟಿಯೂ ಬಡವರಿಗೆ ಸಿಗಬೇಕು ಎಂಬುದು ಸಂಸ್ಥೆಯ ಆರಂಭದ ಗುರಿಗಳಲ್ಲಿ ಒಂದಾಗಿತ್ತು. ನನ್ನ ಮಟ್ಟಿಗೆ ಮುಖ್ಯವಾದದ್ದು ಈ ಚೀಟಿಯ ಮಾತು.

ಯಾಕೆಂದರೆ ಸ್ಯಾಂಪಲ್ ದಾನದ ವಸ್ತುವಲ್ಲ. ಪಿರಿಯಾಪಟ್ಟಣದ ನಮ್ಮ ಅಜ್ಜಿಯನ್ನು ಒಮ್ಮೆ ಕೆಮ್ಮಿಗೆಂದು ಡಾಕ್ಟರರ ಬಳಿ ಕರೆದೊಯ್ದಿದ್ದೆವು. ಅವರು ಖಾನೆ ಎಳೆದು ಎರಡು ಗುಳಿಗೆಯ ಪುಟ್ಟ ಸ್ಟ್ರಿಪ್ ತೆಗೆದು, "ಇದಕ್ಕೆ ದುಡ್ಡು ಬೇಡ ಅಜ್ಜಿ" ಎಂದರು. ಅಜ್ಜಿ ಕೈ ಮುಗಿದಳು. ಉಳಿದ ನಾಲ್ಕು ದಿನಕ್ಕೆ ಬರೆದದ್ದು ಅದೇ ಕಂಪನಿಯ ಅದೇ ಗುಳಿಗೆ. ಪಕ್ಕದ ಮೆಡಿಕಲ್‌ನಲ್ಲಿ ಅದರ ಬೆಲೆ ಕೇಳಿ ಅವಳು ಸೆರಗಿನ ಗಂಟು ಬಿಚ್ಚಿದ್ದು ನನಗೆ ಇನ್ನೂ ನೆನಪಿದೆ. ಆ ಡಾಕ್ಟರರು ಒಳ್ಳೆಯವರೇ. ಖಾನೆ ಇರುವುದು ಒಳ್ಳೆಯವರ ಕೈಯನ್ನೂ ನಡೆಸುವುದಕ್ಕೆ.

ಮೈಸೂರಿನ ಯುವಕರು ಅದೇ ಖಾನೆಯನ್ನು ಬಡವರ ಕಡೆಗೆ ತಿರುಗಿಸಿದರು. ಆದರೆ ಕಂಪನಿ ಯಾವುದನ್ನು ಮಾರಲು ಹೊರಟಿದೆಯೋ ಅದೇ ಖಾನೆ ಸೇರುತ್ತದೆ, ರೋಗಿಗೆ ಬೇಕಾದದ್ದು ಸೇರುವುದಿಲ್ಲ. ಟಾನಿಕ್ಕು, ಹೊಸ ಆ್ಯಂಟಿಬಯಾಟಿಕ್ ಸಿಗಬಹುದು; ತಿಂಗಳುಗಟ್ಟಲೆ ನುಂಗಬೇಕಾದ ಕ್ಷಯದ ಗುಳಿಗೆ ಹೀಗೆ ಸಿಗುವಂಥದ್ದಲ್ಲ. 1987ರಲ್ಲಿ ಸಂಸ್ಥೆ ಎಚ್.ಡಿ. ಕೋಟೆಯ ಬ್ರಹ್ಮಗಿರಿ ಹಾಡಿಗೆ ಹೋಯಿತು. ಕಬಿನಿ ಜಲಾಶಯಕ್ಕೂ ಬಂಡೀಪುರದ ಹುಲಿ ಯೋಜನೆಗೂ ಜಾಗ ಬಿಟ್ಟು ಬಂದ ಜೇನುಕುರುಬರು, ಕಾಡುಕುರುಬರು, ಯರವರು, ಪಣಿಯರು ಇರುವ ಸೀಮೆ ಅದು. ಅಲ್ಲಿ ಬೇಕಿದ್ದದ್ದು ದಿನವೂ ತಪ್ಪದೆ ಸಿಗುವ ಅಗ್ಗದ ಔಷಧ. ಮುಂದೆ ಕೆಂಚನಹಳ್ಳಿಯಲ್ಲಿ, ಆಮೇಲೆ ಸರಗೂರಿನಲ್ಲಿ ಆಸ್ಪತ್ರೆಗಳು ಎದ್ದವು.

ಅದೇ ಹೊತ್ತಿಗೆ ದೇಶದಲ್ಲಿ ಔಷಧದ ಬೆಲೆಯ ಹಗ್ಗ ಸಡಿಲವಾಗುತ್ತಿತ್ತು. 1975ರಲ್ಲಿ ಔಷಧ ಉದ್ಯಮದ ಕುರಿತ ಸರ್ಕಾರದ ಜೈಸುಖಲಾಲ್ ಹಾಥಿ ಸಮಿತಿ ಬ್ರ್ಯಾಂಡ್ ಹೆಸರುಗಳನ್ನು ಹಂತಹಂತವಾಗಿ ಕೈಬಿಡಿ ಎಂದಿತ್ತು. ನಡೆದದ್ದು ಬೇರೆ: ಬ್ರ್ಯಾಂಡ್‌ಗಳು ಉಳಿದವು, ಬೆಲೆಯ ನಿಯಂತ್ರಣವೂ ಸಡಿಲವಾಯಿತು. 1979ರ ಆದೇಶದಲ್ಲಿ 347 ಔಷಧಗಳು ಬೆಲೆ ನಿಯಂತ್ರಣದಲ್ಲಿದ್ದವು. 1987ರಲ್ಲಿ 142ಕ್ಕೆ, 1995ರಲ್ಲಿ 74ಕ್ಕೆ ಇಳಿದವು.

ಕನ್ನಡ ನಾಡಿನ ವೈದ್ಯರು ಇದನ್ನು ನೋಡುತ್ತ ಬಾಯಿ ಮುಚ್ಚಿ ಕೂರಲಿಲ್ಲ. ಧಾರವಾಡದ ಡಾ. ಗೋಪಾಲ ದಾಬಡೆ ಡ್ರಗ್ ಆ್ಯಕ್ಷನ್ ಫೋರಂ ಮೂಲಕ ಅನಗತ್ಯ ಔಷಧಗಳ ವಿರುದ್ಧ ಜನರ ನಡುವೆ ನಿಂತು ಮಾತಾಡಿದರು. ಮಣಿಪಾಲದಲ್ಲಿ ಕುಲಪತಿಯಾಗಿದ್ದ ಡಾ. ಬಿ.ಎಂ. ಹೆಗ್ಡೆ ಅವರ ಭಾಷಣಗಳಿಂದಾಗಿ ಕಂಪನಿ, ವೈದ್ಯರು ಮತ್ತು ಸಂಶೋಧನೆಯ ನಂಟು ಮನೆಮಾತಾಯಿತು. ಹೆಗ್ಡೆಯವರ ಪ್ರಶ್ನೆಗಳು ಬೇಕಾಗಿದ್ದವು, ಆದರೆ ಅವರು ಕೊಟ್ಟ ಉತ್ತರಗಳಲ್ಲಿ ಕೆಲವು ಪುರಾವೆಯನ್ನು ದಾಟಿ ಹೋದವು ಎಂದೇ ನನ್ನ ಅಭಿಪ್ರಾಯ.

ಸಂಶೋಧನೆಯ ಮೇಲಿನ ಪ್ರಭಾವಕ್ಕೆ ಸಾಕ್ಷಿ ಬೇಕಾದರೆ ನಮ್ಮ ಕಾಡಂಚಿನಲ್ಲೇ ಇದೆ. ಇಲ್ಲಿಗೆ ದೂರವಲ್ಲದ ನೀಲಗಿರಿಯ ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ಲಕ್ಷಣವನ್ನು ಲೇಮನ್ ಮತ್ತು ಕಟ್‌ಬುಶ್ 1952ರಲ್ಲೇ ಗುರುತಿಸಿದರು. ಸಿಕಲ್ ಸೆಲ್ ರೋಗದಲ್ಲಿ ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆ ಮುರಿದಂಥ ನೋವು. ಈ ನೋವನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಹೊಸದಾಗಿ ಕಂಡುಹಿಡಿದ ಔಷಧವೇ ಅಲ್ಲ, ಕ್ಯಾನ್ಸರ್‌ಗೆ ಬಳಸುತ್ತಿದ್ದ ಹಳೆಯದು. ಅಮೆರಿಕದಲ್ಲಿ ಈ ರೋಗಕ್ಕೆ ಅದು ಅನುಮತಿ ಪಡೆದದ್ದು 1998ರಲ್ಲಿ. ಭಾರತದಲ್ಲಿ ಈ ರೋಗದ ವಿರುದ್ಧ ರಾಷ್ಟ್ರೀಯ ಅಭಿಯಾನ ಶುರುವಾದದ್ದು 2023ರಲ್ಲಿ, ನೀಲಗಿರಿಯ ವರದಿಯಾದ 71 ವರ್ಷಗಳ ಮೇಲೆ. ಕೊಳ್ಳುವ ಶಕ್ತಿ ಇಲ್ಲದವರ ರೋಗಕ್ಕೆ ಪ್ರಯೋಗಶಾಲೆ ತಾನಾಗಿ ಬಾಗಿಲು ತೆರೆಯಲಿಲ್ಲ.

ಕಾನೂನಿನ ಕಥೆಯನ್ನು ಬೇಗ ಹೇಳಿಬಿಡಬಹುದು. ವೈದ್ಯರು ಉಡುಗೊರೆ, ಪ್ರವಾಸ, ಆತಿಥ್ಯ ಪಡೆಯಬಾರದೆಂದು ವೈದ್ಯಕೀಯ ಪರಿಷತ್ತು ಡಿಸೆಂಬರ್ 2009ರಲ್ಲಿ ನಿಯಮ ತಂದಿತು. ಕಂಪನಿಗಳಿಗೆ ಅದು ಅನ್ವಯಿಸಲಿಲ್ಲ. ಫೆಬ್ರವರಿ 2022ರಲ್ಲಿ ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವೈದ್ಯರಿಗೆ ಕೊಟ್ಟ ಉಡುಗೊರೆಯ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲ ಎಂದಿತು. ಚಿನ್ನದ ನಾಣ್ಯ, ಫ್ರಿಜ್ಜು, ಟಿ.ವಿ. ಎಲ್ಲ ಆ ಉಡುಗೊರೆಗಳ ಪಟ್ಟಿಯಲ್ಲಿದ್ದವು. ಮಾರಾಟದ ನೀತಿಸಂಹಿತೆಗೆ ಕಾನೂನಿನ ಬಲ ಕೊಡಿ ಎಂದು ಅದೇ ಕೋರ್ಟಿಗೆ ಹೋದವರಲ್ಲಿ ಮೆಡಿಕಲ್ ರೆಪ್‌ಗಳ ಅಖಿಲ ಭಾರತ ಒಕ್ಕೂಟವೂ ಇದೆ. ಮೈಸೂರಿನಿಂದ ಹುಣಸೂರು, ಕೆ.ಆರ್. ನಗರದ ಬಸ್ಸು ಹತ್ತಿ, ಚರ್ಮದ ಚೀಲ ತೊಡೆಯ ಮೇಲಿಟ್ಟುಕೊಂಡು, ಕ್ಲಿನಿಕ್ಕಿನ ಬೆಂಚಿನ ಮೇಲೆ ಕೊನೆಯ ರೋಗಿ ಹೋಗುವ ತನಕ ಕಾಯುವವರು ಇವರೇ. ಜೆನೆರಿಕ್ ಹೆಸರಿನಲ್ಲೇ ಬರೆಯಬೇಕೆಂಬ 2023ರ ಆಗಸ್ಟ್‌ನ ನಿಯಮವನ್ನು ಅದೇ ತಿಂಗಳು ತಡೆಹಿಡಿಯಲಾಯಿತು.

ಮಾರ್ಚ್ 2024ರ ಮಾರಾಟ ನೀತಿಸಂಹಿತೆ ಕೊನೆಗೂ ಖಾನೆಯ ತನಕ ಬಂತು: ಒಬ್ಬ ವೈದ್ಯರಿಗೆ ಒಂದು ಔಷಧದ ಸ್ಯಾಂಪಲ್ ವರ್ಷಕ್ಕೆ 12 ಪೊಟ್ಟಣ ಮೀರಬಾರದು, ಒಂದು ಪೊಟ್ಟಣದಲ್ಲಿ ಮೂವರು ರೋಗಿಗಳಿಗೆ ಸಾಲುವಷ್ಟಕ್ಕಿಂತ ಹೆಚ್ಚು ಇರಬಾರದು, ಸ್ಯಾಂಪಲ್‌ಗಳ ಒಟ್ಟು ಬೆಲೆ ಕಂಪನಿಯ ದೇಶೀಯ ಮಾರಾಟದ ಶೇ. 2 ದಾಟಬಾರದು. ಪೊಟ್ಟಣದ ಮೇಲೆ "ಫಿಸಿಷಿಯನ್ಸ್ ಸ್ಯಾಂಪಲ್, ನಾಟ್ ಟು ಬಿ ಸೋಲ್ಡ್" ಎಂದು ಅಚ್ಚು ಹಾಕಬೇಕೆಂಬ ಹಳೆಯ ನಿಯಮ ಹಾಗೇ ಇದೆ. ಆ ಸಾಲು ಇರುವುದು ಇಂಗ್ಲಿಷಿನಲ್ಲಿ. ನಮ್ಮ ಅಜ್ಜಿ ಅದನ್ನು ಗುಳಿಗೆಯ ಹೆಸರು ಅಂದುಕೊಂಡಿದ್ದಳು.